ಏಣಿಯ ನಾಲ್ಕನೇ ಮೆಟ್ಟಿಲು

ಮಹಾಪೆಯಲ್ಲಿ ಕಿವಿಗಡಚಿಕ್ಕುವಂತೆ ತಗಡು ಒತ್ತುವ ಪ್ರೆಸ್ ಶಾಪಿನಲ್ಲಿ ಇಪ್ಪತ್ತಾರು ವರ್ಷ ದುಡಿದ ಚೆನ್ನಯನಿಗೆ ಕಂಪನಿ ಕೊನೆಗೆ ಕೊಟ್ಟದ್ದು ಒಂದು ಗೋಡೆ ಗಡಿಯಾರ ಮತ್ತು ಕಿವುಡು. ಗಡಿಯಾರ ಆರೇ ತಿಂಗಳಿಗೆ ನಿಂತಿತು. ಕಿವುಡು ಮಾತ್ರ ಚೆನ್ನಾಗಿ ಬಾಳಿಕೆ ಬಂತು.

ಕಂಪನಿ ಮುಚ್ಚಿದ್ದು 2010ರಲ್ಲಿ. ಮೊದಲ ಕೆಲವು ತಿಂಗಳು ಅವನು ಗೋಡೆ ನೋಡುತ್ತ ಕೂತೇ ಕಳೆದ. ಆಮೇಲೆ ಘಣಸೋಲಿಯಲ್ಲಿ ತಾನಿದ್ದ ಸಾಲುಮನೆಗಳ ಚಾಳಿನ ಹಿತ್ತಲಲ್ಲಿ ತಗಡಿನ ಮಾಡು ಇಳಿಸಿ, ಕಬ್ಬಿಣ ಕಚ್ಚಿ ಹಿಡಿಯುವ ಒಂದು ವೈಸು, ಗ್ರೈಂಡರು, ಹಳೆಯ ವೆಲ್ಡಿಂಗ್ ಮಷೀನು ಇಟ್ಟುಕೊಂಡ. ಗುಜರಿ ಕೊಳ್ಳುವ ಭಂಗಾರದವನ ಗಾಡಿಯಲ್ಲಿ ಬರುವ ಸೈಕಲ್ ಫ್ರೇಮು, ಕಿಟಕಿ ಸರಳು, ಆಸ್ಪತ್ರೆ ಮಂಚದ ಪೈಪು ಯಾವುದನ್ನೂ ಬಿಟ್ಟವನಲ್ಲ. ಚಾಳಿನವರ ಸ್ಟೂಲು, ಒಲೆ ಸ್ಟ್ಯಾಂಡುಗಳೆಲ್ಲ ಅವನ ಕೈಯವೇ.

ಬೆಸುಗೆ ಹಿಡಿದಿದೆಯೋ ಎಂದು ಸುತ್ತಿಗೆಯಿಂದ ತಟ್ಟಿ ನೋಡುವುದು ಅವನ ರೂಢಿ. ಹಿಡಿದದ್ದು ಠಣ್ ಎನ್ನುತ್ತದೆ, ಹಿಡಿಯದ್ದು ಬೊದ್ದು ಸದ್ದು ಮಾಡುತ್ತದೆ. ಆದರೆ ಅವನಿಗೆ ಎರಡೂ ಕೇಳಿಸದು. ಹಾಗಾಗಿ ಹೆಂಡತಿ ಜಲಜಾಕ್ಷಿ ಅಕ್ಕಿ ಆರಿಸುತ್ತ ಬಾಗಿಲಲ್ಲಿ ಕೂರಬೇಕು. ಅವನು ತಟ್ಟಿ ಅವಳ ಮುಖ ನೋಡುತ್ತಾನೆ. ಅವಳು ತಲೆದೂಗಿದರೆ ಸರಿ, ಕೈಯಾಡಿಸಿದರೆ ಕೊಯ್ದು ಮತ್ತೆ ಬೆಸೆಯಬೇಕು.

2014ರ ಬೇಸಗೆಯಲ್ಲಿ ಚಾಳಿನ ನೀರಿನ ಟ್ಯಾಂಕಿಗೆ ಅವನು ಮಂಚದ ಪೈಪಿನಿಂದ ಏಣಿ ಮಾಡಿದ. ನಾಲ್ಕನೇ ಮೆಟ್ಟಿಲು ಯಾಕೋ ಹಟ ಹಿಡಿಯಿತು. ಎರಡು ಸಲ ಜಲಜಾಕ್ಷಿ ಕೈಯಾಡಿಸಿದಳು. ಮೂರನೇ ಸಲ ಅವನ ಕೈ ನಡುಗುತ್ತಿತ್ತು. ತಟ್ಟಿದ. ಅವಳು ತಲೆದೂಗಿದಳು.

ಹನ್ನೊಂದನೇ ದಿನ ವಾಲ್ವು ತಿರುಗಿಸಲು ಹತ್ತಿದ ಪಕ್ಕದ ಮನೆಯ ಭುಜಂಗನ ಕಾಲಡಿಯಲ್ಲಿ ಅದೇ ಮೆಟ್ಟಿಲು ಕಳಚಿತು. ತೊಡೆಯ ಮೂಳೆ ಮುರಿಯಿತು. ಹೋಟೆಲಿನಲ್ಲಿ ದಿನವಿಡೀ ನಿಂತು ದೋಸೆ ಹುಯ್ಯುವ ಮನುಷ್ಯ ಅವನು. ಆಸ್ಪತ್ರೆಯಲ್ಲಿ ಚೆನ್ನಯನ ಕೈ ಹಿಡಿದುಕೊಂಡು, "ನೀವೆಂತ ಮಾಡ್ಲಿಕ್ಕಾಗ್ತದೆ ಚೆನ್ನಯಣ್ಣ, ಕಬ್ಬಿಣ ಅಲ್ವಾ" ಎಂದ. ಬೈದಿದ್ದರೇ ಚೆನ್ನಯನಿಗೆ ಹಗುರಾಗುತ್ತಿತ್ತು.

ಮನೆಗೆ ಬಂದು ಹೆಂಡತಿಯನ್ನು ಕೇಳಿದ. "ನಿಂಗೆ ಸರಿ ಕೇಳಿತ್ತಾ?"

ಅವನು ತುಟಿ ಓದಲೆಂದು ಅವಳು ನಿಧಾನವಾಗಿ ಹೇಳಿದಳು. "ಬೊದ್ದು ಕೇಳಿತ್ತು."

"ಮತ್ತೆ ಸರಿ ಉಂಟು ಅಂದದ್ದು ಯಾಕೆ?"

"ನಿಮ್ಮ ಕೈ ನಡುಗ್ತಿತ್ತು. ಇನ್ನೊಮ್ಮೆ ಇಲ್ಲ ಅಂದ್ರೆ ನೀವು ಮಷೀನೇ ಮಾರ್ತಿದ್ರಿ. ಮತ್ತೆ ಗೋಡೆ ನೋಡ್ಕೊಂಡು ಕೂತ್ಕೊಳ್ತಿದ್ರಿ. ಅದು ನಂಗೆ ನೋಡ್ಲಿಕ್ಕಾಗ್ತಿರ್ಲಿಲ್ಲ."

ಅವನಿಗೆ ಸಿಟ್ಟು ಬರಲಿಲ್ಲ. ನಾಚಿಕೆಯಾಯಿತು. ಮರುದಿನ ಏಣಿಯನ್ನು ಹಿತ್ತಲಿಗೆ ತಂದು ನಾಲ್ಕನೆಯದನ್ನು ಬೆಸೆದು ತಟ್ಟಿದ. ಜಲಜಾಕ್ಷಿ ಕೈಯಾಡಿಸಿದಳು. ಮತ್ತೆ ಬೆಸೆದ. ಮತ್ತೆ ಕೈಯಾಡಿಸಿದಳು. ಅವನಿಗೆ ಅನುಮಾನ ಬಂತು. ಹನ್ನೊಂದು ದಿನ ಎಲ್ಲರ ಭಾರ ಹೊತ್ತ ಮೊದಲನೇ ಮೆಟ್ಟಿಲನ್ನು ತಟ್ಟಿದ. ಅದಕ್ಕೂ ಕೈಯಾಡಿಸಿದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಹೆದರಿಕೆಯಲ್ಲಿ ಅವಳಿಗೀಗ ಸದ್ದೇ ತಿಳಿಯುತ್ತಿಲ್ಲ ಎಂದು ಅವನಿಗೆ ಅರ್ಥವಾಯಿತು.

ಮೆಟ್ಟಿಲುಗಳನ್ನೆಲ್ಲ, ಗಟ್ಟಿ ಇದ್ದವನ್ನೂ, ಅವನು ಒಂದೊಂದಾಗಿ ಕೊಯ್ದು ಹಾಕಿದ. ಸಂಜೆ ಭಂಗಾರದವನ ಗಾಡಿ ಬಂದಾಗ, ವೆಲ್ಡಿಂಗ್ ಮಷೀನಿನ ಒಂದು ಬದಿಯನ್ನು ಜಲಜಾಕ್ಷಿಯೇ ಹಿಡಿದು ಗಾಡಿಗೆ ಎತ್ತಿದಳು.