ಅತ್ತೆ ಕಂಡಷ್ಟು ಜಲಪಾತ

ಮೊನ್ನೆ ಪಕ್ಕದ ಮನೆಯವರು ನಮ್ಮ ದೊಡ್ಡ ಸ್ಟೀಲ್ ಡಬ್ಬಿ ಕೇಳಿಕೊಂಡು ಬಂದರು. ಈ ಸಲ ಮಳೆ ಚೆನ್ನಾಗಿದೆ, ಜಲಪಾತದಲ್ಲಿ ನೀರು ಬೀಳುತ್ತಿದೆಯಂತೆ, ಭಾನುವಾರ ಮನೆಮಂದಿಯೆಲ್ಲ ಹೊರಟಿದ್ದಾರಂತೆ. ಅಟ್ಟದಿಂದ ಡಬ್ಬಿ ಇಳಿಸಿ ಮುಚ್ಚಳ ತೆಗೆದೆ. ತೊಳೆದಿಟ್ಟು ಎಷ್ಟು ವರ್ಷವಾದರೂ ಒಳಗೆ ಇಂಗಿನ ವಾಸನೆ ಉಳಿದಿತ್ತು. ನಮ್ಮತ್ತೆಯ ಪುಳಿಯೋಗರೆಯ ಇಂಗು.

ನಮ್ಮ ಕಡೆಯ ಜಲಪಾತವೆಂದರೆ ನೀವು ಕ್ಯಾಲೆಂಡರಿನಲ್ಲಿ ನೋಡುವಂಥದ್ದಲ್ಲ. ಚಿಕ್ಕಬಳ್ಳಾಪುರದಿಂದ ಗೌರಿಬಿದನೂರಿಗೆ ಹೋಗುವಾಗ, ಒಂದು ಬೆಟ್ಟದ ಸಂದಿನಲ್ಲಿ, ಒಳ್ಳೆಯ ಮಳೆಯಾದ ವರ್ಷ ಕೆಲವು ವಾರ ಕಾಣಿಸಿಕೊಳ್ಳುತ್ತದೆ. ಉಳಿದಂತೆ ಬರೀ ಬಂಡೆ. ನಾನಾದರೋ ಶಿಡ್ಲಘಟ್ಟದ ಶಾಲೆಯಲ್ಲಿ ಜಲಪಾತದ ಪಾಠವನ್ನು ಕೈ ಬೀಸಿ ಬೀಸಿ ಹೇಳಿದವಳು. ಒಂದನ್ನೂ ಕಣ್ಣಾರೆ ಕಂಡಿರಲಿಲ್ಲ. ಹಾಗಾಗಿ ಅತ್ತೆ ಇದ್ದಾಗ ಒಂದು ವರ್ಷ ನೀರು ಬಂದಿದೆಯೆಂದು ತಿಳಿದಾಗ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಕುಣಿದವಳು ನಾನೇ.

ಅತ್ತೆಗೆ ಮಂಡಿನೋವು. ಆದರೂ ಅಂದು ಬೇಗ ಎದ್ದು ಡಬ್ಬಿ ತುಂಬಿಸಿ, ನಮಗಿಂತ ಮೊದಲೇ ಸೀರೆ ಉಟ್ಟು ಕೂತಿದ್ದರು. ಕಾರು ನಿಲ್ಲುವ ಜಾಗದಲ್ಲಿ ಇಳಿದು, ಮುಂದಿನ ಕಾಲುದಾರಿಯ ಏರು ನೋಡಿದ ಕೂಡಲೇ ನಾನು ಹೇಳಿಬಿಟ್ಟೆ: "ನಿಮ್ಮ ಕೈಲಿ ಆಗಲ್ಲ ಅತ್ತೆ. ಇಲ್ಲೇ ನೆರಳಲ್ಲಿ ಕೂತಿರಿ, ಬೇಗ ಬಂದ್ಬಿಡ್ತೀವಿ."

ಅವರು ಡಬ್ಬಿ ಹಿಡಿದು ಮರದ ಕೆಳಗೆ ಹೋಗಿ ಕೂತರು. ಒಪ್ಪಿಗೆಯೆಂದುಕೊಂಡೆ. ಅದು ಕಾಳಜಿಯ ಮಾತು ಎಂದೇ ನಂಬಿದ್ದೆ. ಅವರ ನಡಿಗೆಗೆ ಕಾಯುವ ತಾಳ್ಮೆ ನನಗಿರಲಿಲ್ಲ, ಅಷ್ಟೇ.

ಬೇಗ ಎಂದದ್ದು ಎರಡು ಗಂಟೆಯಾಯಿತು. ನಾನು, ಗಂಡ, ಮಗಳು ತಲೆಯಿಂದ ಕಾಲಿನವರೆಗೆ ನೆನೆದು, ನಗುತ್ತ ಇಳಿದು ಬಂದರೆ ಮರದ ಕೆಳಗೆ ಡಬ್ಬಿ ಮಾತ್ರ ಇತ್ತು. ಗಂಡ ಮಗಳನ್ನು ಎಳೆದುಕೊಂಡು ರಸ್ತೆಯ ಕಡೆ ಓಡಿದರು. ನಾನು ಕಾಲುದಾರಿ ಬಿಟ್ಟು ಹಳ್ಳದ ದಂಡೆ ಹಿಡಿದು ಕೂಗುತ್ತ ಹೋದೆ.

ಸ್ವಲ್ಪ ಮೇಲೆ, ಒಂದು ತಿರುವಿನಲ್ಲಿ ಸಿಕ್ಕರು. ಬಂಡೆಯ ಮೇಲೆ ಕೂತು ಕಾಲನ್ನು ನೀರಿಗೆ ಇಳಿಬಿಟ್ಟಿದ್ದರು. ಎಲ್ಲೋ ಬಿದ್ದು ಮೊಣಕೈ ತರಚಿತ್ತು. ಎದುರಿಗೆ ಮರಗಳ ನಡುವೆ ಜಲಪಾತದ ಮೇಲಿನ ತುದಿ, ಬಿಳಿಯ ಒಂದು ಪಟ್ಟಿಯಷ್ಟೇ, ಕಾಣುತ್ತಿತ್ತು. ಅವರು ಅದನ್ನೇ ನೋಡುತ್ತಿದ್ದರು.

ನನ್ನ ಹೆದರಿಕೆಯೆಲ್ಲ ಸಿಟ್ಟಾಯಿತು. ಕಾಲು ಮುರಿದಿದ್ದರೆ ಗತಿಯೇನು ಎಂದು ರೇಗಿದೆ. ಚಿಂತಾಮಣಿ ಕಡೆಯವರಾದ ಅತ್ತೆ ಕೋಪ ಬಂದರೆ ತೆಲುಗಿಗೆ ತಿರುಗುತ್ತಿದ್ದರು. ಅಂದು ಮೆಲ್ಲಗೆ, ಕನ್ನಡದಲ್ಲೇ ಹೇಳಿದರು.

"ಆಗಲ್ಲ ಅಂತ ನೀನೇ ಹೇಳ್ಬಿಟ್ಟೆ ಕಣಮ್ಮ. ಬರ್ತೀರಾ ಅಂತ ಒಂದು ಮಾತು ಕೇಳ್ಲಿಲ್ಲ."

ನಾನು ಪಕ್ಕದಲ್ಲಿ ಕೂತು, ಒದ್ದೆ ಸೆರಗಿನಿಂದ ಅವರ ಮೊಣಕೈ ಒರೆಸಿದೆ. ಆಮೇಲೆ, ಮೆಲ್ಲಗೆ ನಡೆದು ಹತ್ತಿರ ಹೋಗೋಣವೇ ಎಂದು ಕೇಳಿದೆ.

"ಈಗ ಕಾಲು ಸೋತೋಯ್ತಮ್ಮ. ಬೆಳಿಗ್ಗೆ ಆಗಿದ್ರೆ ಬರ್ತಿದ್ದೆ."

ಮಾರನೆಯ ವರ್ಷ ಮಳೆ ಕೈಕೊಟ್ಟಿತು. ಅದರ ಮುಂದಿನ ವರ್ಷ ನೀರು ಬಂತು, ಅತ್ತೆ ಇರಲಿಲ್ಲ.

ಎಂಬತ್ತು ದಾಟಿದ ನನ್ನ ತಂದೆ ಈಗ ನಮ್ಮ ಜೊತೆಗಿದ್ದಾರೆ. ನಿನ್ನೆ ನೆಂಟರ ಮನೆಯ ಗೃಹಪ್ರವೇಶವಿತ್ತು, ಮೂರನೆಯ ಮಹಡಿಯಲ್ಲಿ. ಅಪ್ಪನಿಗೆ ಅಷ್ಟು ಮೆಟ್ಟಿಲು ಆಗುವುದಿಲ್ಲವೆನ್ನುತ್ತ ಗಂಡ ಕಾರಿನ ಕೀಲಿ ಕೈಗೆತ್ತಿಕೊಂಡರು. ನಾನು ಅಪ್ಪನ ಕೋಣೆಗೆ ಹೋಗಿ, ಬರುತ್ತೀರಾ ಎಂದು ಕೇಳಿದೆ. ಅವರು ತಮ್ಮ ಪಾದಗಳನ್ನು ನೋಡಿಕೊಂಡರು, ಕಿಟಕಿಯಾಚೆಯ ಬಿಸಿಲು ನೋಡಿದರು. ಹೊರಗೆ ಹಾರನ್ ಎರಡು ಸಲ ಕೇಳಿತು. ನಾನು ಅವಸರ ಮಾಡಲಿಲ್ಲ.

"ಬೇಡಮ್ಮ, ನೀವು ಹೋಗ್ಬನ್ನಿ" ಎಂದರು ಅಪ್ಪ.

ಆಮೇಲೆ ನಾನು ಚಪ್ಪಲಿ ಮೆಟ್ಟಿಕೊಂಡೆ.