ಆಕಾಶದಲ್ಲಿ ಒಂದೇ ಗುಂಡು

ಪಾಲಿಬೆಟ್ಟದ ಎಸ್ಟೇಟಿನಲ್ಲಿ ಅಲ್ಲಿನ ಲೆಕ್ಕ ಬರೆಯುವ ರೈಟರ್ ಪೊನ್ನಪ್ಪನವರ ಜೊತೆ ಕಾಫಿ ಕುಡಿಯುತ್ತಿದ್ದಾಗ ನನ್ನ ಫೋನಿಗೆ ಸಂದೇಶ ಬಂತು. ಉಪಗ್ರಹಕ್ಕೆ ಗಾಮಾ ಕಿರಣಗಳ ಸ್ಫೋಟವೊಂದು ಕಂಡಿತ್ತು. ಅಂಥವನ್ನು ನೋಡುವುದೇ ನನ್ನ ಕೆಲಸ.

"ಎಂಥ ಅದು?" ಎಂದರು ಪೊನ್ನಪ್ಪ.

"ಸತ್ತ ಎರಡು ನಕ್ಷತ್ರಗಳು ಸುತ್ತಿ ಸುತ್ತಿ ಕೊನೆಗೆ ಡಿಕ್ಕಿ ಹೊಡೆದಿರಬೇಕು. ಕ್ಷಣಮಾತ್ರದ ಬೆಳಕು."

ಅಷ್ಟರಲ್ಲಿ ಗುಡ್ಡದಾಚೆ ಕೋವಿ ಎರಡು ಸಲ ಸಿಡಿಯಿತು. ಪೊನ್ನಪ್ಪ ಲೋಟ ಕೆಳಗಿಟ್ಟು ಎದ್ದು ನಿಂತರು.

"ಯಾರೋ ಹೋದರು. ನಮ್ಮಲ್ಲಿ ಸಾವಿಗೆ ಎರಡು ಗುಂಡು, ಗಂಡುಮಗು ಹುಟ್ಟಿದರೆ ಒಂದು. ನಿಮ್ಮ ಆಕಾಶದಲ್ಲಿ ಎಷ್ಟು?"

"ಒಂದೇ."

"ಹಾಗಾದರೆ ಸಾವಲ್ಲ. ಎಂಥದೋ ಹುಟ್ಟಿದೆ."

ನಿಜವೇ. ಅಲ್ಲಿ ಹೆಚ್ಚಾಗಿ ಹುಟ್ಟುವುದು ಬೆಳಕನ್ನೂ ನುಂಗುವ ಕಪ್ಪು ಕುಳಿ. ಅದನ್ನು ಹೇಳಲು ಮನಸ್ಸಾಗದೆ, "ಕೋಟ್ಯಂತರ ವರ್ಷದ ಹಿಂದಿನ ಮಾತು ಬಿಡಿ" ಎಂದೆ.

"ಈಗ ಬೆಳೆದಿರಬೇಕಲ್ಲ" ಎಂದರು.

ಸ್ಫೋಟಗಳ ಬಗ್ಗೆ ನಾವು ಬರೆಯುವ ವರದಿಯಲ್ಲಿ ಅದಕ್ಕೆ ಕಾಲಂ ಇಲ್ಲ.