ಫೋಟೋದ ತಲೆಯ ಮೇಲೊಂದು ಶ್ರೀ

ಈಗ ನೆನೆದರೂ ಮೈ ಉರಿಯುತ್ತದೆ. ನಮ್ಮ ಕಡೆ ಇಂಟರ್ನೆಟ್ ಆಗಷ್ಟೇ ಬಂದಿತ್ತು. ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಹತ್ತಿರದ ಕಂಪ್ಯೂಟರ್ ಸೆಂಟರೊಂದರಲ್ಲಿ ನಾನು ಕೆಲಸಕ್ಕಿದ್ದೆ. ಅದರ ಧಣಿಗಳು ಗಲ್ಫಿನ ಹುಡುಗರಿಗೆ ಹೆಣ್ಣು ಹುಡುಕುವ ವೆಬ್‌ಸೈಟ್ ಶುರು ಮಾಡಿದ್ದರು. ಹೆಣ್ಣಿನ ಮನೆಯವರದು ಒಂದೇ ಹಠ, ಕಂಡಕಂಡವರೆಲ್ಲ ಮಗಳ ಫೋಟೋ ನೋಡಬಾರದು. ಅದಕ್ಕಾಗಿ ನಾನೊಂದು ಸ್ಕ್ರಿಪ್ಟ್, ಅಂದರೆ ಸಣ್ಣ ಪ್ರೋಗ್ರಾಮ್, ಬರೆದೆ. ಯಾರಾದರೂ ಫೋಟೋ ಕೇಳಿದರೆ ಅದು ಮೊದಲು ಅವರ ಪಾಸ್‌ವರ್ಡ್ ನೋಡಿ, ಹೆಣ್ಣಿನ ಮನೆಯವರು ಒಪ್ಪಿದ್ದಾರೆಯೇ ಎಂದು ನೋಡಿ, ಆಮೇಲೆ ಆ ಒಂದು ಫೋಟೋವನ್ನು ಮಾತ್ರ ಸರ್ವರಿನಿಂದ ಕಳಿಸುತ್ತಿತ್ತು. ನನ್ನ ಕೆಲಸದ ಮೇಲೆ ನನಗೆ ನಂಬಿಕೆಯಿತ್ತು. ಅಕ್ಕನ ಫೋಟೋವನ್ನೂ ಅದರಲ್ಲೇ ಹಾಕಿದೆ.

ವೇಣೂರಿನ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗ ದುಬೈಯಲ್ಲಿದ್ದ. ಫೋಟೋ ತೋರಿಸಲು ಅಪ್ಪ ಒಪ್ಪಿದರು. ಅವನು ಅಲ್ಲಿ ತೆರೆದು ನೋಡಿದರೆ ಅಕ್ಕನ ಮುಖ ಇರಬೇಕಾದಲ್ಲಿ ಖಾಲಿ ಚೌಕ, ಮೂಲೆಯಲ್ಲೊಂದು ಕೆಂಪು ಗುರುತು. ಅವನ ತಾಯಿ ನಮ್ಮ ಮನೆಗೆ ಫೋನ್ ಮಾಡಿ, "ಮುಖ ತೋರಿಸುವುದಿಲ್ಲ ಅಂದರೆ ಹುಡುಗಿಯಲ್ಲಿ ಏನೋ ಐಬು ಉಂಟು" ಅಂದರು. ಕೆಟ್ಟದ್ದು ಕಂಪ್ಯೂಟರ್, ಐಬು ನನ್ನ ಅಕ್ಕನಲ್ಲಿ. ಅಪ್ಪನಾದರೂ ಎದುರು ಮಾತಾಡಿದರೇ? ಅದೂ ಇಲ್ಲ. "ಸ್ಟುಡಿಯೋಕ್ಕೆ ಹೋಗುವ, ಸ್ವಲ್ಪ ಬೆಳ್ಳಗೆ ಕಾಣುವ ಹಾಗೆ ಇನ್ನೊಂದು ತೆಗೆಸುವ" ಅಂದರು. ಅಕ್ಕ ಎದ್ದು ಒಳಗೆ ಹೋದಳು.

ಮರುದಿನ ಸೆಂಟರಿನಲ್ಲಿ ಸ್ಕ್ರಿಪ್ಟ್ ತೆರೆದೆ. ಎಲ್ಲಕ್ಕಿಂತ ಮೇಲೆ ನಾನು ಬರೆಯದ ಒಂದು ಸಾಲಿತ್ತು. ಇಂಗ್ಲಿಷ್ ಅಕ್ಷರಗಳಲ್ಲಿ ಶ್ರೀ.

"ಇದನ್ನು ಯಾರು ಹಾಕಿದ್ದು?"

"ನಾನೇ" ಅಂದರು ಧಣಿಗಳು. "ನಿನ್ನ ಸ್ಕ್ರಿಪ್ಟನ್ನು ಹೊಸ ಸರ್ವರಿಗೆ ಹಾಕುವಾಗ ನೋಡಿದೆ ಮಾರಾಯ್ತಿ, ತಲೆಯಲ್ಲಿ ಶ್ರೀಕಾರವೇ ಇಲ್ಲ. ಅದಿಲ್ಲದೆ ನಾನು ಒಂದು ಚೀಟಿಯನ್ನೂ ಬರೆಯುವುದಿಲ್ಲ."

"ಅಲ್ಲಿ ತಲೆಯಲ್ಲಿ ಬರೆದದ್ದು ಪ್ರತಿ ಫೋಟೋದ ಮುಂದೆ ಸೇರಿಕೊಂಡು ಹೋಗುತ್ತದೆ. ಹಾಗೆ ಒಂದಕ್ಷರ ಹೋದರೂ ಆಚೆಯ ಕಂಪ್ಯೂಟರಿಗೆ ಅದು ಫೋಟೋ ಅಂತ ಗೊತ್ತಾಗುವುದಿಲ್ಲ."

"ದೇವರ ಹೆಸರಿನಿಂದ ಕೆಲಸ ಹಾಳಾಗುವುದುಂಟಾ? ನಿನ್ನ ಪ್ರೋಗ್ರಾಮೇ ಸರಿ ಇಲ್ಲ."

ಸಿಟ್ಟು ನೆತ್ತಿಗೇರಿತು. ದೇವರನ್ನು ಮುಂದೆ ಮಾಡಿದವರ ಹತ್ತಿರ ಏನು ವಾದ ಮಾಡುವುದು? ಅವರ ಕಣ್ಣೆದುರೇ ಆ ಸಾಲು ಅಳಿಸಿದೆ. ಪರದೆಯ ಮೇಲೆ ಅಕ್ಕನ ಮುಖ ಬಂತು. ನಮ್ಮ ಮನೆಯ ಅದೇ ಕಪ್ಪು ಬಣ್ಣ, ಅದೇ ನಗು.

ಆ ವಾರವೇ ಹುಡುಗನ ತಾಯಿಯ ಫೋನ್ ಮತ್ತೆ ಬಂತು. ಈ ಸಲ ಮಾತಿನಲ್ಲಿ ಜೇನು. ಫೋಟೋ ನೋಡಿ ಹುಡುಗನಿಗೆ ಒಪ್ಪಿಗೆಯಂತೆ, ಭಾನುವಾರ ಹೆಣ್ಣು ನೋಡಲು ಬರುತ್ತಾರಂತೆ. ಹಿಂದಿನ ಮಾತಿಗೆ ಒಂದು ತಪ್ಪಾಯಿತೂ ಇಲ್ಲ. ಅಪ್ಪನ ಮುಖ ಅರಳಿತು. ಅಕ್ಕ ಅವರ ಕೈಯಿಂದ ರಿಸೀವರ್ ತೆಗೆದುಕೊಂಡು ಮೆಲ್ಲಗೆ ಹೇಳಿದಳು:

"ಬರುವುದು ಬೇಡ ಅಮ್ಮ. ನಾನು ನಿಮ್ಮನ್ನು ನೋಡಿ ಆಯಿತು."